ಮಂಗಳವಾರ ತೆರೆಯುವ ದವಾಖಾನೆ

ಹೀಥ್ರೋ

ಹೀಥ್ರೋದ ಕಸ್ಟಮ್ಸ್ ಅಧಿಕಾರಿ ನನ್ನ ಚೀಲದಿಂದ ಮೊದಲು ಹೊರತೆಗೆದದ್ದು ಕಡಕ್ ರೊಟ್ಟಿಯ ಕಟ್ಟು. ಒಂದನ್ನು ಬೆಳಕಿಗೆ ಹಿಡಿದ, ಬೆರಳಿನಿಂದ ತಟ್ಟಿ ಸದ್ದು ಕೇಳಿದ. "ಇದು ತಿನ್ನುವ ವಸ್ತುವೇ?" ಎಂದ. ಹೌದೆಂದೆ. ಅವನಿಗೆ ನಂಬಿಕೆ ಬಂದಂತೆ ಕಾಣಲಿಲ್ಲ. ಆಮೇಲೆ ಔಷಧಿಯ ಡಬ್ಬಿ ಹೊರಬಂತು. ಜ್ವರಕ್ಕೆ, ವಾಂತಿಗೆ, ಹೊಟ್ಟೆ ಉರಿಗೆ, ನನ್ನ ಉಬ್ಬಸಕ್ಕೆ, ಹೀಗೆ ಹಾಳೆ ಹಾಳೆ ಗುಳಿಗೆಗಳು.

"ಯಾರಿಗೆ ಕಾಯಿಲೆ?"

"ಸದ್ಯಕ್ಕೆ ಯಾರಿಗೂ ಇಲ್ಲ."

"ಮತ್ತೆ ಇಷ್ಟೆಲ್ಲ ಯಾಕೆ?"

ನಾನು ಡಾಕ್ಟರು, ಅಭ್ಯಾಸ ಹೋಗುವುದಿಲ್ಲ ಎಂದೆ. "ಇಲ್ಲಿಯೂ ಡಾಕ್ಟರುಗಳಿದ್ದಾರೆ ಮೇಡಂ," ಎಂದು ನಕ್ಕು ಚೀಲ ಮುಚ್ಚಿಕೊಟ್ಟ.

ಗದಗಿನಲ್ಲಿ ನನ್ನ ದವಾಖಾನೆ ಕೆಳಗೆ, ಮನೆ ಮೇಲೆ. ರೋಗಿಗಳಲ್ಲಿ ಹೆಚ್ಚಿನವರು ಬೆಟಗೇರಿಯ ನೇಕಾರರು. ಬಾಗಿಲು ಮುಚ್ಚಿದ್ದರೂ ಕೆಳಗಿನಿಂದ "ಬಾಯಾರ" ಎಂದು, ಅಂದರೆ ಡಾಕ್ಟರಮ್ಮ ಎಂದು, ಕೂಗಿದರೆ ನಾನು ಗ್ಯಾಲರಿಗೆ ಬರುತ್ತೇನೆಂಬುದು ಎಲ್ಲರಿಗೂ ಗೊತ್ತು. ಊಟದ ನಡುವೆ ಎದ್ದು ಹೋಗುವುದು, ಮದುವೆಯ ಮನೆಯಲ್ಲಿ ಮೂಲೆಗೆ ಕರೆದು ನಾಲಿಗೆ ತೋರಿಸುವವರನ್ನು ನೋಡುವುದು ಇವೆಲ್ಲ ನನಗೆ ಉಸಿರಾಟದಷ್ಟೇ ಸಹಜವಾಗಿಬಿಟ್ಟಿವೆ. ಊರು ಬಿಟ್ಟು ವಾರಗಟ್ಟಲೆ ಹೊರಗೆ ಉಳಿದದ್ದು ಇದೇ ಮೊದಲು. ಹುಬ್ಬಳ್ಳಿಯ ಮೆಡಿಕಲ್ ಕಾಲೇಜಿನಲ್ಲಿ ನನ್ನ ರೂಮ್‌ಮೇಟ್ ಆಗಿದ್ದ ಶೈಲಜಾ, ಲಂಡನ್ನಿನಲ್ಲಿ ಫ್ಯಾಮಿಲಿ ಡಾಕ್ಟರಾಗಿರುವವಳು, ಪ್ರತಿ ವರ್ಷ ಕರೆಯುತ್ತಿದ್ದಳು. ಈ ಸಲ ಈಸ್ಟರ್ ರಜೆಗೆ ಬಾ, ನಾಲ್ಕು ದಿನ ಬಿಡುವು ಸಿಗುತ್ತದೆ ಎಂದಳು. ಬಂದೆ.

ಅವಳು ನನ್ನ ಡಬ್ಬಿ ನೋಡಿದವಳೇ ಹೇಳಿದಳು: "ಏನೇ ಇಂದೂ, ಇಡೀ ದವಾಖಾನಿನೇ ಹೊತ್ಕೊಂಡ ಬಂದೀಯೇನ? ಇಲ್ಲೆ ನೀ ಒಂದ್ ಗುಳಿಗಿ ಯಾರಿಗೂ ಕೊಡೂ ಹಂಗಿಲ್ಲ, ಗೊತ್ತೈತಿಲ್ಲೋ?"

ಕ್ವೀನ್ಸ್‌ಬರಿ

ಶೈಲಜಾಳ ಮನೆ ಕ್ವೀನ್ಸ್‌ಬರಿ ಸ್ಟೇಷನ್ನಿನಿಂದ ನಡೆಯುವಷ್ಟು ದೂರ. ಸ್ಟೇಷನ್ ಎದುರಿನ ಅಂಗಡಿಗಳಲ್ಲಿ ಮೆಂತ್ಯ ಸೊಪ್ಪು, ತೊಂಡೆಕಾಯಿ, ಅಗರಬತ್ತಿ ಎಲ್ಲ ಸಿಗುತ್ತವೆ. ಗುಜರಾತಿ ಹೆಂಗಸರು ನಮ್ಮ ಸಂತೆಯಂತೆಯೇ ಬದನೆಕಾಯಿಯನ್ನು ಒತ್ತಿ ಒತ್ತಿ ನೋಡುತ್ತಾರೆ. ಆದರೆ ಆ ರಸ್ತೆ ದಾಟಿ ಮನೆಗಳ ಸಾಲಿಗೆ ತಿರುಗಿದರೆ ಎಲ್ಲ ಸದ್ದೂ ನಿಂತುಬಿಡುತ್ತದೆ. ಒಂದಕ್ಕೊಂದು ಗೋಡೆ ಅಂಟಿಸಿಕೊಂಡ ಮನೆಗಳು. ಆ ಕಡೆಯವರು ಕೆಮ್ಮಿದರೆ ಈ ಕಡೆ ಕೇಳುತ್ತದೆ. ಆದರೂ ವಾರಗಟ್ಟಲೆ ಒಬ್ಬರ ಮುಖ ಒಬ್ಬರು ನೋಡುವುದಿಲ್ಲ.

ಗೋಡೆಯ ಆಚೆ ಇದ್ದವರು ಐಲೀನ್. ಎಂಬತ್ತು ದಾಟಿದ ಐರಿಷ್ ಹೆಂಗಸು, ಗಂಡ ತೀರಿಹೋಗಿ ಬಹಳ ವರ್ಷಗಳಾಗಿವೆ, ಮಕ್ಕಳಿಲ್ಲ. ಬಿಳಿ ಕೂದಲನ್ನು ಪಿನ್ನುಗಳಿಂದ ಎತ್ತಿ ಕಟ್ಟಿಕೊಂಡು, ಲಿಪ್‌ಸ್ಟಿಕ್ ಹಚ್ಚಿಕೊಂಡೇ ಕಸದ ಡಬ್ಬಿ ಹೊರಗಿಡುವವರು. ಹತ್ತಾರು ವರ್ಷಗಳಿಂದ ಶೈಲಜಾಳ ನೆರೆಯವರು, ಅವಳ ದವಾಖಾನೆಯಲ್ಲೇ ಹೆಸರು ನೋಂದಾಯಿಸಿಕೊಂಡವರು ಕೂಡ. ಶೈಲಜಾಳ ಮಗಳು ಚಿಕ್ಕವಳಿದ್ದಾಗ ಶಾಲೆಯಿಂದ ಬಂದು ಅವರ ಮನೆಯಲ್ಲಿ ಕುಳಿತು ಹೋಮ್‌ವರ್ಕ್ ಮಾಡುತ್ತಿದ್ದಳಂತೆ.

"ಇಷ್ಟ್ ವರ್ಷದಾಗ ಒಂದ್ ದಿನಾನೂ ಆಕಿ ಬೇಲಿ ಹತ್ರ ನಿಂತು ನನಗ ಮೊಣಕಾಲ್ ನೋವದ ಅಂತ ಹೇಳಿಲ್ಲ ನೋಡು," ಎಂದಳು ಶೈಲಜಾ, ಮೆಚ್ಚುಗೆಯಿಂದ. "ಮೊಣಕಾಲ್ ಆಪರೇಷನ್ ಆತು. ಅದನ್ನೂ ಸರ್ಜರಿಗೆ ಫೋನ್ ಹಚ್ಚಿ, ಅಪಾಯಿಂಟ್‌ಮೆಂಟ್ ತೊಗೊಂಡೇ ತೋರಿಸಿದ್ಲು."

ನಮ್ಮಲ್ಲಾಗಿದ್ದರೆ ಬೇಲಿ ಯಾಕೆ, ಅಡುಗೆಮನೆಗೇ ಬಂದು ಸೀರೆ ಮೊಣಕಾಲಿನವರೆಗೆ ಎತ್ತಿ ತೋರಿಸುತ್ತಿದ್ದರು ಎಂದೆ. ಇಬ್ಬರೂ ನಕ್ಕೆವು. ಯಾವುದು ಮೇಲು ಎಂಬ ಮಾತು ಬರಲಿಲ್ಲ. ನನಗಂತೂ ಆ ಹೊತ್ತಿನಲ್ಲಿ ಐಲೀನರ ರೀತಿಯೇ ದೊಡ್ಡದಾಗಿ ಕಂಡಿತು.

ಸರ್ಜರಿ

ಇಲ್ಲಿ ಫ್ಯಾಮಿಲಿ ಡಾಕ್ಟರ ದವಾಖಾನೆಗೆ ಸರ್ಜರಿ ಎನ್ನುತ್ತಾರೆ. ಬಂದ ಮರುದಿನ ಶೈಲಜಾ "ಮುಂಜಾನೆ ಸರ್ಜರಿ ಅದ" ಎಂದಾಗ, ಯಾವ ಸರ್ಜರಿ, ಯಾರಿಗೆ ಎಂದು ಕೇಳಿ ಪೇಚಿಗೆ ಸಿಕ್ಕಿದ್ದೆ.

ಬುಧವಾರ ಅವಳ ಜೊತೆ ಹೋದೆ. ಬಾಗಿಲು ತೆರೆಯುವ ಮುಂಚೆಯೇ ಹೊರಗೆ ಜನ ನಿಂತಿದ್ದರು. ಚಳಿಗಾಳಿ. ಒಬ್ಬ ತಾಯಿ ಮಗುವನ್ನು ಕೋಟಿನೊಳಗೆ ಸೇರಿಸಿಕೊಂಡಿದ್ದಳು. ಮುಂದೆ ಇದ್ದ ಮುದುಕರೊಬ್ಬರು ಕೋಲಿನ ಮೇಲೆ ಒರಗಿ, ಇನ್ನೊಂದು ಕೈಯಲ್ಲಿ ಫೋನನ್ನು ಕಿವಿಗೆ ಹಿಡಿದಿದ್ದರು. ಅವರು ಫೋನ್ ಮಾಡುತ್ತಿದ್ದದ್ದು ತಾವು ಎದುರಿಗೆ ನಿಂತಿದ್ದ ಅದೇ ದವಾಖಾನೆಗೆ. ಬಾಗಿಲಿನಿಂದ ಮೊದಲು ಒಳಗೆ ಹೋಗುತ್ತೇನೋ ಫೋನಿನಿಂದ ಮೊದಲು ಹೋಗುತ್ತೇನೋ ನೋಡೋಣ ಎಂದು ನನಗೆ ಕಣ್ಣು ಮಿಟುಕಿಸಿದರು.

ಒಳಗೆ ಯಾರೂ ಸೋಮಾರಿಯಾಗಿ ಕುಳಿತಿರಲಿಲ್ಲ. ರಿಸೆಪ್ಶನ್ನಿನ ಇಬ್ಬರು ಹೆಂಗಸರು ತಲೆ ಎತ್ತದೆ ಫೋನ್ ತೆಗೆದುಕೊಳ್ಳುತ್ತಿದ್ದರು. ಶೈಲಜಾಳ ಕೋಣೆಯ ಮುಂದೆ ಒಬ್ಬರ ಹಿಂದೆ ಒಬ್ಬರು. ನನ್ನ ದವಾಖಾನೆಯಲ್ಲಿ ಇದಕ್ಕಿಂತ ಹೆಚ್ಚು ಜನ ಬರುತ್ತಾರೆ, ಆದರೆ ಅಲ್ಲಿ ಕೆಮ್ಮು ಇದ್ದವನಿಗೆ ಬೆನ್ನು ತಟ್ಟಿ ಕಳಿಸಿದರೂ ಆಯಿತು. ಇಲ್ಲಿ ಆಡಿದ ಒಂದೊಂದು ಮಾತೂ ಟೈಪ್ ಆಗಬೇಕು. ಮಧ್ಯಾಹ್ನ ಅವಳು ಕಂಪ್ಯೂಟರಿನ ಮುಂದೆಯೇ ತಣ್ಣಗಿನ ಚಪಾತಿ ತಿಂದಳು.

"ಸರಕಾರದ ಜೊತೆ ನಿಮ್ಮ ಕರಾರೇನು?" ಎಂದು ಕೇಳಿದೆ. "ಎಷ್ಟೊತ್ತು ಇರಬೇಕು?"

"ಸೋಮವಾರದಿಂದ ಶುಕ್ರವಾರ, ಮುಂಜಾನೆ ಎಂಟರಿಂದ ಸಂಜೀ ಆರೂವರೆ. ಆ ಹೊತ್ತಿನಾಗ ನಮ್ಮ ರೋಗಿ ಫೋನ್ ಮಾಡಿದ್ರ, ಬಾಗಿಲಿಗೆ ಬಂದ್ರ, ಕಂಪ್ಯೂಟರಿನ್ಯಾಗ ಬರದ್ರ, ನಾವ ಜವಾಬ್ದಾರರು. ನಾಳೆ ಫೋನ್ ಮಾಡ್ರಿ ಅಂತ ವಾಪಸ್ ಕಳಸೂ ಹಂಗಿಲ್ಲ. ಆರೂವರೆ ಆತಂದ್ರ, ಮತ್ತ ಶನಿವಾರ, ಭಾನುವಾರ, ಸರಕಾರಿ ರಜಾ, ಅದು ನಮ್ಮದಲ್ಲ. ಅದಕ್ಕ ಬ್ಯಾರೆ ಮಂದಿ, ಬ್ಯಾರೆ ಸಹಾಯವಾಣಿ."

"ಮೊದಲಿಂದ ಹೀಂಗನ?"

"ಮೊದಲ ಹಗಲೂ ರಾತ್ರೀ ಎಲ್ಲಾ ನಮ್ಮದ ಇತ್ತು." ಅವಳು ಚಪಾತಿಯ ತುಂಡನ್ನು ಹಾಗೇ ಇಟ್ಟಳು. "ಪ್ರಕಾಶಗ ಆಸ್ಪತ್ರ್ಯಾಗ ನೈಟ್ ಇದ್ದಾಗ ಮಗಳನ್ನ ಹಿಂದಿನ ಸೀಟಿನ್ಯಾಗ ಮಲಗಿಸ್ಕೊಂಡು ವಿಸಿಟ್‌ಗೆ ಹೋಗ್ತಿದ್ದೆ. ಒಂದ್ ಸಲ ವಾಪಸ್ ಬರೂ ಮುಂದ ಸ್ಟೇರಿಂಗ್ ಮ್ಯಾಲ ಕಣ್ಣ್ ಮುಚ್ಚೇಬಿಟ್ಟೆ. ಕಾರು ದೀಪದ ಕಂಬಕ್ಕ ಹೋಗಿ ನಿಂತಿತು. ಮಗಳಿಗೆ ಎಚ್ಚರ ಸಹಿತ ಆಗ್ಲಿಲ್ಲ, ಇಂದೂ. ಆಮ್ಯಾಲೆ ಹೊಸ ಕಾಂಟ್ರ್ಯಾಕ್ಟ್ ಬಂತು. ಬೇಕಾದ್ರ ರಾತ್ರಿ, ರಜಾದ ಹೊತ್ತು ಬಿಟ್ಟುಕೊಡ್ರಿ ಅಂದ್ರು. ನಮ್ಮ ಸರ್ಜರಿಯಾಗ ಮೊದಲ ಸಹಿ ನಂದು."

ಅವಳ ಗಂಡ ಪ್ರಕಾಶ ಅರಿವಳಿಕೆ ತಜ್ಞ. ಈ ಈಸ್ಟರಿಗೂ ಅವನು ಡ್ಯೂಟಿಯಲ್ಲಿದ್ದ. ನನಗೆ ಗದಗಿನಿಂದ ಫೋನಿನಲ್ಲಿ ಧ್ವನಿ ಸಂದೇಶಗಳು ಬರುತ್ತಲೇ ಇದ್ದವು. ಒಂದನ್ನು ಕೇಳಿಸಿಕೊಂಡು ಉತ್ತರ ಹೇಳಿದೆ. ಶೈಲಜಾ ನೋಡುತ್ತಿದ್ದಳು.

"ನೀ ಇಲ್ಲೆ ಇದ್ದಾಗ ಅವ್ರನ್ನ ಯಾರು ನೋಡ್ತಾರ?"

"ಯಾರೂ ಇಲ್ಲ."

"ನಮ್ಮಲ್ಲೆ ಕಾಗದದ ಮ್ಯಾಲರೆ ಒಬ್ರು ಇರ್ತಾರ," ಎಂದಳು.

ಗುಡ್ ಫ್ರೈಡೇ

ಗುರುವಾರ ಸಂಜೆ ಶೈಲಜಾ ಮನೆಗೆ ಬಂದು ಬೂಟು ಕೂಡ ಬಿಚ್ಚದೆ ಸೋಫಾದ ಮೇಲೆ ಮಲಗಿಬಿಟ್ಟಳು. ಶುಕ್ರವಾರದಿಂದ ಸೋಮವಾರದವರೆಗೆ ಸರ್ಜರಿ ಮುಚ್ಚಿರುತ್ತದೆ. ಮತ್ತೆ ತೆರೆಯುವುದು ಮಂಗಳವಾರವೇ.

ಶುಕ್ರವಾರ ಬಿಸಿಲು ಬಿತ್ತು. ಹಿತ್ತಲಿನಲ್ಲಿ ಬಟ್ಟೆ ಹರವುತ್ತಿದ್ದೆ. ಐಲೀನ್ ಬೇಲಿಯ ಆಚೆ ಕುರ್ಚಿ ಹಾಕಿಕೊಂಡು ಕುಳಿತಿದ್ದರು. ಲಿಪ್‌ಸ್ಟಿಕ್ ಇತ್ತು, ಆದರೆ ಕೂದಲು ಕಟ್ಟಿರಲಿಲ್ಲ, ಭುಜದ ಮೇಲೆ ಹರಡಿಕೊಂಡಿತ್ತು.

"ಇವತ್ತು ಬಾಚಣಿಗೆ ಮುಟ್ಟಿಸಲು ಆಗುತ್ತಿಲ್ಲ, ಡಿಯರ್. ಒಂದು ವಾರದಿಂದ ತಲೆನೋವು. ತಲೆಯ ಚರ್ಮವೇ ನೋಯುತ್ತದೆ," ಎಂದರು. ಅಷ್ಟು ಹೇಳಿದ್ದಕ್ಕೇ ನಾಚಿಕೆಪಟ್ಟವರಂತೆ ಮಾತು ತಿರುಗಿಸಿ, ನಿಮ್ಮ ದೇಶದಲ್ಲಿ ಈಗ ಸೆಕೆಯೇ ಎಂದು ಕೇಳಿದರು.

ಉಪವಾಸವೋ ಎಂದೆ. ಮಾಂಸವಿಲ್ಲ ಅಷ್ಟೆ ಎಂದರು. ಒಳಗೆ ಹೋಗಿ ಒಂದು ಕಡಕ್ ರೊಟ್ಟಿಗೆ ಬೆಣ್ಣೆ ಸವರಿ ತಂದುಕೊಟ್ಟೆ. ಸಂತೋಷದಿಂದ ಕಚ್ಚಿದರು. ಎರಡು ಸಲ ಜಗಿದು ನಿಲ್ಲಿಸಿ, ಕೈಯನ್ನು ದವಡೆಗೆ ಒತ್ತಿ ಹಿಡಿದರು. ಸ್ವಲ್ಪ ಹೊತ್ತಿನ ಮೇಲೆ ಮತ್ತೆ ಜಗಿದರು, ಮತ್ತೆ ನಿಲ್ಲಿಸಿದರು. "ಕ್ಷಮಿಸಿ. ರುಚಿಯಾಗಿದೆ. ನನ್ನ ದವಡೆಗೆ ಬೇಗ ದಣಿವಾಗುತ್ತದೆ ಈಗೀಗ." ಹಲ್ಲಿನ ಸೆಟ್ಟು ಸಡಿಲವಿರಬೇಕು, ನಮ್ಮ ರೊಟ್ಟಿ ಎಳೆಯರಿಗೇ ಕಷ್ಟ ಎಂದುಕೊಂಡೆ.

ಡಾಕ್ಟರಿಗೆ ತೋರಿಸಿದಿರಾ ಎಂದು ಕೇಳಿದೆ.

"ಸಹಾಯವಾಣಿಗೆ ಫೋನ್ ಮಾಡಿದೆ. ಬಹಳ ಪ್ರಶ್ನೆ ಕೇಳಿದರು. ಎದೆನೋವಿದೆಯೇ, ಮಾತು ತೊದಲುತ್ತದೆಯೇ ಎಂದೆಲ್ಲ. ಇಲ್ಲ ಎಂದೆ. ಆಮೇಲೆ ಒಬ್ಬರು ವಾಪಸ್ ಫೋನ್ ಮಾಡಿ, ಪ್ಯಾರಾಸಿಟಮಾಲ್ ತೆಗೆದುಕೊಳ್ಳಿ, ಮಂಗಳವಾರ ನಿಮ್ಮ ಡಾಕ್ಟರನ್ನು ಕಾಣಿ, ಹೆಚ್ಚಾದರೆ ಮತ್ತೆ ಫೋನ್ ಮಾಡಿ ಎಂದರು. ಒಳ್ಳೆಯ ಹುಡುಗಿ."

"ಶೈಲಜಾಳನ್ನು ಕರೆಯಲೇ? ಒಳಗೇ ಇದ್ದಾಳೆ."

ಐಲೀನರ ಮುಖ ಗಂಭೀರವಾಯಿತು. "ಬೇಡ, ದಯವಿಟ್ಟು ಬೇಡ. ಅವಳಿಗೆ ಸಿಗುವುದೇ ನಾಲ್ಕು ದಿನ. ನಾನು ಅದನ್ನು ಕೆಡಿಸುವುದಿಲ್ಲ."

ಊಟದ ಹೊತ್ತಿಗೆ ಶೈಲಜಾಗೆ ಹೇಳಿದೆ, ಪಕ್ಕದವರಿಗೆ ತಲೆನೋವಂತೆ ಎಂದು. ಅವಳು ಅನ್ನದ ತಟ್ಟೆಯಿಂದ ತಲೆ ಎತ್ತಲಿಲ್ಲ. "ಇಂದೂ, ಕೈ ಮುಗೀತೀನಿ. ಈ ನಾಲ್ಕು ದಿನ ನನ್ನ ಮುಂದ ಯಾರ ತಲಿನೋವೂ ಹೇಳಬ್ಯಾಡ." ಅವಳ ಕಣ್ಣ ಕೆಳಗಿನ ಕಪ್ಪು ನೋಡಿದರೆ ಅದು ತಪ್ಪು ಮಾತು ಎಂದು ನನಗೆ ಅನ್ನಿಸಲಿಲ್ಲ. ದವಡೆಯ ಸಂಗತಿ ನಾನು ಹೇಳಲೇ ಇಲ್ಲ. ಹೇಳಬೇಕಾದ ಸಂಗತಿ ಎಂದು ಹೊಳೆಯಲೂ ಇಲ್ಲ. ಶನಿವಾರ ಇಬ್ಬರೂ ಥೇಮ್ಸ್ ದಡದಲ್ಲಿ ಸಂಜೆಯವರೆಗೆ ಅಲೆದು ಬಂದೆವು.

ಈಸ್ಟರ್ ಭಾನುವಾರ

ಭಾನುವಾರ ಮಧ್ಯಾಹ್ನದ ಹೊತ್ತಿಗೆ ನಾನು ಮುಂದಿನ ಕೋಣೆಯ ಕಿಟಕಿಯಲ್ಲಿ ನಿಂತಿದ್ದೆ. ಐಲೀನ್ ಚರ್ಚಿನಿಂದ ವಾಪಸ್ಸಾಗಿದ್ದರು. ಹಳದಿ ಕೋಟು, ಹ್ಯಾಟು. ತಮ್ಮ ಮನೆಯ ಬಾಗಿಲಿನ ಮುಂದೆ ನಿಂತು ಬೀಗದ ಕೈಯನ್ನು ಬಾಗಿಲಿಗೆ ಚುಚ್ಚುತ್ತಿದ್ದರು. ಅದು ಬೀಗದ ತೂತಿಗಿಂತ ಒಂದು ಗೇಣು ಆಚೆ ಮರಕ್ಕೆ ತಾಗುತ್ತಿತ್ತು. ಮತ್ತೆ ಮತ್ತೆ ಅಲ್ಲಿಗೇ.

ಚಪ್ಪಲಿ ಹಾಕಿಕೊಳ್ಳದೆ ಓಡಿದೆ.

"ಬಲಗಣ್ಣಿನ ಮುಂದೆ ಬೂದು ಬಣ್ಣದ ಪರದೆ ಬಂದಿದೆ," ಎಂದರು. ಧ್ವನಿ ಸಮಾಧಾನವಾಗಿಯೇ ಇತ್ತು. "ನಿನ್ನೆಯೂ ಬಂದಿತ್ತು. ಸ್ವಲ್ಪ ಹೊತ್ತು ಇದ್ದು ಹೋಯಿತು. ಇವತ್ತು ಪೂಜೆಯ ನಡುವೆ ಬಂತು. ಬಲಗಡೆಯ ಮೇಣದಬತ್ತಿಗಳನ್ನು ಯಾಕೆ ಆರಿಸಿದರು ಅಂದುಕೊಂಡೆ. ಈಗ ಹೋಗುತ್ತಿಲ್ಲ."

ಅವರ ಹ್ಯಾಟು ತೆಗೆದು ಕಣತಲೆಯ ಮೇಲೆ ಬೆರಳಿಟ್ಟೆ. ಕಿವಿಯ ಮುಂದೆ ಮಿಡಿಯಬೇಕಾದ ರಕ್ತನಾಳ ಸುತ್ತಿಟ್ಟ ಹುರಿಯಂತೆ ಗಟ್ಟಿಯಾಗಿತ್ತು. ಮಿಡಿತವಿರಲಿಲ್ಲ. ಅವರು ನೋವಿಗೆ ಮುಖ ಸರಿಸಿದರು. ನನ್ನ ಇಡೀ ವೃತ್ತಿಯಲ್ಲಿ ಇಂಥ ರೋಗಿಯನ್ನು ನಾನು ಕಂಡಿಲ್ಲ. ಇದು ನಮ್ಮ ಕಡೆ ಬಲು ಅಪರೂಪ, ಈ ಶೀತ ದೇಶಗಳ ಬಿಳಿಯ ಮುದುಕಿಯರಲ್ಲಿ ಹೆಚ್ಚು. ಏನೋ ಓದಿದ ನೆನಪು, ಅಷ್ಟೆ. ಶೈಲಾ ಎಂದು ಕೂಗಿದೆ. ಬೆಟಗೇರಿಯವರು ನನ್ನನ್ನು ಕೂಗುವ ಹಾಗೆಯೇ, ಬೀದಿಯೆಲ್ಲ ಕೇಳುವಂತೆ.

ಅವಳು ಕೈಯಲ್ಲಿ ಹಿಟ್ಟು ಮೆತ್ತಿಕೊಂಡೇ ಹೊರಗೆ ಬಂದಳು. ಐಲೀನರ ಹರಡಿದ ಕೂದಲು ನೋಡಿದಳು. ಒಂದೇ ಪ್ರಶ್ನೆ ಕೇಳಿದಳು: "ಐಲೀನ್, ಜಗಿಯುವಾಗ ದವಡೆ ನೋಯುತ್ತದೆಯೇ?"

"ಹೌದು," ಎಂದರು ಐಲೀನ್.

ಶೈಲಜಾಳ ಮುಖದ ಬಣ್ಣ ಇಳಿಯಿತು. ತಲೆಯ ರಕ್ತನಾಳ ಬಾತುಕೊಂಡು ಕಣ್ಣಿಗೆ ಹೋಗುವ ರಕ್ತವನ್ನು ನಿಲ್ಲಿಸುವ ಕಾಯಿಲೆ ಅದು. ಹೋದ ದೃಷ್ಟಿ ಬಾರದು. ಒಂದು ಕಣ್ಣು ಹೋದರೆ ಇನ್ನೊಂದೂ ಕೆಲವೇ ದಿನಗಳಲ್ಲಿ ಹೋಗಬಹುದು. ತಡೆಯಲು ಇರುವುದು ಸ್ಟೀರಾಯ್ಡ್ ಒಂದೇ, ಅದೂ ಕೂಡಲೇ.

ಅವರನ್ನು ಸೋಫಾದ ಮೇಲೆ ಕೂರಿಸಿದೆವು. ಶೈಲಜಾ ಆಸ್ಪತ್ರೆಗೆ ಫೋನ್ ಹಚ್ಚಿದಳು. ಕಣ್ಣಿನ ಡಾಕ್ಟರಿಗೆ ಕೊಡುತ್ತೇವೆ ಎಂದವರು ಸಂಗೀತ ಹಾಕಿಬಿಟ್ಟರು. ಸಂಗೀತ ಮುಗಿದು ಮತ್ತೆ ಮೊದಲಿಂದ ಶುರುವಾಯಿತು.

"ಹತ್ರದ ಔಷಧಿ ಅಂಗಡಿ?" ಎಂದೆ.

"ಈಸ್ಟರ್ ಭಾನುವಾರ. ಮುಚ್ಚಿರ್ತಾವ. ತೆರೆದದ್ದನ್ನ ಹುಡುಕೂದ್ರಾಗ ತಾಸು ಹೋಗ್ತದ."

ನಾನು ಮೇಲೆ ಹೋಗಿ ಡಬ್ಬಿ ತಂದೆ. ನನ್ನ ಉಬ್ಬಸ ಕೆರಳಿದಾಗ ನುಂಗುವ ಗುಳಿಗೆ ಅದೇ ಸ್ಟೀರಾಯ್ಡ್. ಹಾಳೆಯನ್ನು ಅವಳ ಮುಂದಿಟ್ಟೆ. ಅವಳು ಅದನ್ನು ಮುಟ್ಟದೆ ನೋಡುತ್ತ ನಿಂತಳು.

"ಇವತ್ತು ನಾ ಈಕಿ ಡಾಕ್ಟರ್ ಅಲ್ಲ, ಇಂದೂ. ಕೇಸ್ ಬಿದ್ರ ಕಾಂಟ್ರ್ಯಾಕ್ಟಿನ ಕೆಲಸಕ್ಕಷ್ಟ ನನಗ ಸರಕಾರದ ರಕ್ಷಣೆ. ಇಂಡಿಯಾದ ಗುಳಿಗಿ, ಈಕಿಗೆ ಶುಗರ್ ಐತೋ ಏನೋ ಫೈಲ್ ಮುಂದಿಲ್ಲ, ಏನರೆ ಆದ್ರ..."

"ಶುಗರ್ ಇದೆಯೇ ಅಂತ ಅವರನ್ನೇ ಕೇಳು," ಎಂದೆ.

ನಾವು ಮಾತಾಡುತ್ತಿದ್ದದ್ದು ಕನ್ನಡದಲ್ಲಿ. ಆದರೂ ಐಲೀನರಿಗೆ ಏನೋ ಅರ್ಥವಾದಂತಿತ್ತು. "ಡಾಕ್ಟರ್, ನಿಮಗೆ ತೊಂದರೆಯಾಗುವುದಾದರೆ ಬೇಡ," ಎಂದರು. "ನನ್ನದೇ ತಪ್ಪು. ನಾನು ತಡ ಮಾಡಿದೆ."

ಆ ಮಾತಿಗೆ ಶೈಲಜಾ ಬೆಚ್ಚಿಬಿದ್ದಂತೆ ತಿರುಗಿದಳು. ಶುಗರ್ ಇದೆಯೇ, ಹೊಟ್ಟೆಯಲ್ಲಿ ಹುಣ್ಣಾಗಿತ್ತೇ, ಬೇರೆ ಯಾವ ಗುಳಿಗೆ ಎಂದು ಪಟಪಟ ಕೇಳಿದಳು. ಹಾಳೆಯಿಂದ ಆರು ಗುಳಿಗೆ ಬಿಡಿಸಿ ಐಲೀನರ ಅಂಗೈಗೆ ಹಾಕಿ, ನೀರಿನ ಲೋಟ ಹಿಡಿದಳು. ಫೋನಿನಲ್ಲಿ ಸಂಗೀತ ಇನ್ನೂ ನಡೆದಿತ್ತು. ಅವರು ಕೊನೆಯ ಗುಳಿಗೆ ನುಂಗಿದ ಮೇಲೆ ಆ ಕಡೆಯಿಂದ ಒಂದು ಎಳೆಯ ಧ್ವನಿ ಮಾತಾಡಿತು. ಶೈಲಜಾ ಎಲ್ಲ ಹೇಳಿದಳು, ಗುಳಿಗೆಯನ್ನೂ ಮುಚ್ಚಿಡಲಿಲ್ಲ. "ಒಳ್ಳೆಯದಾಯಿತು. ಈಗಲೇ ಕರೆತನ್ನಿ," ಎಂದಿತು ಧ್ವನಿ.

ಆಸ್ಪತ್ರೆ

ಕಾರಿನಲ್ಲಿ ಹೊರಟೆವು. ಬೀದಿಗಳು ಖಾಲಿ. ಚೆರಿ ಮರಗಳು ಗುಲಾಬಿ ಹೂ ಸುರಿಸುತ್ತಿದ್ದವು. ಐಲೀನ್ ಎಡಗಣ್ಣು ಮುಚ್ಚುವುದು, ತೆರೆಯುವುದು ಮಾಡುತ್ತಿದ್ದರು.

ಎಮರ್ಜೆನ್ಸಿಯ ಕುರ್ಚಿಗಳೆಲ್ಲ ತುಂಬಿದ್ದವು. ಕಾಲು ಮುರಿದುಕೊಂಡ ಫುಟ್ಬಾಲ್ ಹುಡುಗ, ವಾಂತಿ ಮಾಡುತ್ತಿದ್ದ ಗರ್ಭಿಣಿ, ಕಿವಿನೋವಿನ ಮಗು. ಇವರಲ್ಲಿ ಅರ್ಧದಷ್ಟು ಜನ ನಾಲ್ಕು ದಿನದ ರಜೆ ಇರದಿದ್ದರೆ ತಂತಮ್ಮ ಸರ್ಜರಿಯಲ್ಲಿರುತ್ತಿದ್ದರು. ನಮ್ಮೂರಿನ ಜಿಲ್ಲಾ ಆಸ್ಪತ್ರೆಯ ವರಾಂಡ ನೆನಪಾಯಿತು. ಅಲ್ಲಿ ಜನ ಕೂಗಾಡುತ್ತಾರೆ, ಬಾಗಿಲು ಬಡಿಯುತ್ತಾರೆ, ಪರಿಚಯದವರನ್ನು ಹಿಡಿದು ಒಳಗೆ ನುಗ್ಗುತ್ತಾರೆ. ಇಲ್ಲಿ ಯಾರೂ ಧ್ವನಿ ಏರಿಸಲಿಲ್ಲ. ನರಳುವವರೂ ಸಣ್ಣಗೆ ನರಳುತ್ತಿದ್ದರು. ಆ ಶಿಸ್ತು ನನಗೆ ಅಂದು ಭಯ ಹುಟ್ಟಿಸಿತು.

ಶೈಲಜಾ ಮಾತ್ರ ಕುಳಿತುಕೊಳ್ಳಲಿಲ್ಲ. ಕೌಂಟರಿಗೆ ಹೋಗಿ, ತಾನು ಯಾರೆಂದು ಹೇಳಿ, ಮತ್ತೆ ಹೋಗಿ, ಕೊನೆಗೆ ಒಳಗಿನ ಕಾರಿಡಾರಿಗೇ ಹೊರಟುಹೋದಳು. ಕಣ್ಣಿನ ವಿಭಾಗದ ಯುವ ಡಾಕ್ಟರನನ್ನು ತಾನೇ ಕರೆದುಕೊಂಡು ಬಂದಳು. ಅವನ ಕಣ್ಣುಗಳೂ ನಿದ್ದೆಗೆಟ್ಟು ಕೆಂಪಾಗಿದ್ದವು. ಕತ್ತಲೆ ಕೋಣೆಯಲ್ಲಿ ಬಹಳ ಹೊತ್ತು ಪರೀಕ್ಷಿಸಿದ. ಹೊರಬಂದು ನಮ್ಮಿಬ್ಬರಿಗೆ ಹೇಳಿದ: "ಬಲಗಣ್ಣು ವಾಪಸ್ ಬರುವುದಿಲ್ಲ. ಎಡಗಣ್ಣು ಸದ್ಯಕ್ಕೆ ಚೆನ್ನಾಗಿದೆ. ಉಳಿಸಲು ನೋಡುತ್ತೇವೆ." ಒಂದು ಕ್ಷಣ ಬಿಟ್ಟು, "ಶುಕ್ರವಾರವೇ ಗುಳಿಗೆ ಸಿಕ್ಕಿದ್ದರೆ," ಎಂದು ಶುರು ಮಾಡಿದವನು ಶೈಲಜಾಳ ಮುಖ ನೋಡಿ ನಿಲ್ಲಿಸಿದ.

ಸಂಜೆ ವಾರ್ಡಿನಲ್ಲಿ ಡ್ರಿಪ್ ಹಚ್ಚಿದರು. ಮನೆಗೆ ಬರುವಾಗ ಶೈಲಜಾ ಕಾರನ್ನು ರಸ್ತೆ ಬದಿಗೆ ನಿಲ್ಲಿಸಿ, ಸ್ಟೇರಿಂಗಿಗೆ ಹಣೆ ಹಚ್ಚಿಕೊಂಡಳು.

"ಶುಕ್ರವಾರ ನೀ ಹೇಳಿದಿ. ತಲಿನೋವು ಅಂದಿ. ನಾ ಬಾಯಿ ಮುಚ್ಚಿಸಿದೆ."

"ನಾನು ದವಡೆಯದು ಹೇಳಲಿಲ್ಲ."

"ನಾ ಕೇಳಬೇಕಾಗಿತ್ತು, ಇಂದೂ. ಕೇಳೂದ ನನ್ನ ಕೆಲಸ." ಅಷ್ಟು ಹೇಳಿ ಕಾರು ಹೊರಡಿಸಿದಳು.

ಸೋಮವಾರ, ವಾರ್ಡು

ಮರುದಿನ ಐಲೀನ್ ದಿಂಬಿಗೆ ಒರಗಿ ಕುಳಿತಿದ್ದರು. ತಲೆನೋವು ಮಾಯವಾಗಿತ್ತು. ನರ್ಸು ಕೂದಲನ್ನು ಎತ್ತಿ ಕಟ್ಟಿಕೊಟ್ಟಿದ್ದಳು. ಎಡಗಣ್ಣಿನ ದೃಷ್ಟಿ ಹಾಗೇ ಉಳಿದಿತ್ತು. ನಮ್ಮನ್ನು ನೋಡಲು ಇಡೀ ತಲೆಯನ್ನು ತಿರುಗಿಸಿದರು.

"ನಾನು ಮೊದಲೇ ಫೋನ್ ಮಾಡಬೇಕಿತ್ತು," ಎಂದರು. "ರಜೆಯ ಹಿಂದಿನ ದಿನ, ಅದೂ ಕೊನೆಯ ಗಳಿಗೆಯಲ್ಲಿ ಮಾಡಿದೆ. ನಿಮ್ಮ ರಿಸೆಪ್ಶನ್ನಿನ ಹುಡುಗಿಯರ ಮೇಲೆ ತಪ್ಪಿಲ್ಲ."

ಶೈಲಜಾ ಮಂಚದ ಅಂಚಿನಲ್ಲಿ ಕುಳಿತಳು. "ಗುರುವಾರ ಸರ್ಜರಿಗೆ ಫೋನ್ ಮಾಡಿದ್ದಿರಾ? ಯಾವಾಗ?"

"ಸಂಜೆ. ಟಿ.ವಿ.ಯಲ್ಲಿ ಆರು ಗಂಟೆಯ ವಾರ್ತೆ ಆಗಷ್ಟೇ ಶುರುವಾಗಿತ್ತು. ಫೋನಿನ ಯಂತ್ರ ನಿಮ್ಮ ಮುಂದೆ ಇಷ್ಟು ಜನ ಇದ್ದಾರೆ ಎಂದು ಹೇಳುತ್ತಿತ್ತಲ್ಲ, ನಾನು ಫೋನ್ ಹಿಡಿದುಕೊಂಡೇ ವಾರ್ತೆ ನೋಡಿದೆ. ಕೊನೆಗೆ ನನ್ನ ಮುಂದೆ ಒಬ್ಬರೇ ಉಳಿದಿದ್ದರು. ಹವಾಮಾನ ಶುರುವಾದಾಗ ಧ್ವನಿ ಬದಲಾಯಿತು. ಸರ್ಜರಿ ಮುಚ್ಚಿದೆ, ಮಂಗಳವಾರ ತೆರೆಯುತ್ತದೆ ಎಂದಿತು."

ಶೈಲಜಾ ಹೊದಿಕೆಯ ಮಡಿಕೆಯನ್ನು ಬೆರಳಿನಿಂದ ನೇರ ಮಾಡುತ್ತ ಕುಳಿತಳು.

ಕಾರು ನಿಲ್ಲಿಸಿದ್ದ ಕಡೆಗೆ ನಡೆಯುವಾಗ ಹೇಳಿದಳು: "ಟೈಮಿನ್ಯಾಗ ಮಾಡ್ಯಾಳ. ಆರೂವರೆ ಒಳಗನ ಮಾಡ್ಯಾಳ. ಹೊತ್ತಾದ ಕೂಡ್ಲೇ ಫೋನ್ ತಾನ ಮುಚ್ಚೇದ ಅನ್ನೂ ಸಂದೇಶಕ್ಕ ಹೊಳ್ಳತದ, ಸಾಲಿನ್ಯಾಗ ಯಾರ ಇದ್ರೂ ಕಟ್ ಆಗ್ತದ. ನಮಗೆಲ್ಲಾರಿಗೂ ಗೊತ್ತಿತ್ತು, ಇಂದೂ. ಕಟ್ ಆದವ್ರು ಮರುದಿನ ಮಾಡ್ತಾರ ಅನ್ಕೋತಿದ್ವಿ. ಮರುದಿನ ಇಲ್ಲದ ದಿನ ಯಾರೂ ವಿಚಾರ ಮಾಡ್ಲಿಲ್ಲ."

ಕರಾರು ಮೀರಿ ಯಾರೂ ಏನನ್ನೂ ಕೇಳಿರಲಿಲ್ಲ. ಕರಾರಿನ ಒಳಗಿನ ಆ ಕೊನೆಯ ತುಣುಕು ಹೊತ್ತಿನಲ್ಲಿ, ನಿಯಮದಂತೆ, ಸಾಲಿನಲ್ಲಿ ನಿಂತು, ಆ ಹೆಂಗಸು ಕೇಳಿದ್ದರು.

ಮಂಗಳವಾರ ಶೈಲಜಾ ಉಳಿದ ಪಾಲುದಾರ ಡಾಕ್ಟರುಗಳ ಜೊತೆ ಕುಳಿತಳು. ಮನೆಗೆ ಬಂದು ಹೇಳಿದ್ದು ಸ್ವಲ್ಪವೇ. ಫೋನಿನ ವ್ಯವಸ್ಥೆ ಬದಲಾಯಿಸಲು ಒಪ್ಪಿದ್ದರು. ಸಾಲಿನಲ್ಲಿ ಇರುವ ಕೊನೆಯವರ ಮಾತು ಮುಗಿಯುವವರೆಗೆ ಒಬ್ಬರು ಉಳಿಯುವುದು. ಆದರೆ ಐಲೀನರಿಗೆ ಈಗಲೇ ಏನೂ ಹೇಳಬೇಡ, ಮೊದಲು ವಕೀಲರ ಸಲಹೆ ಬರಲಿ ಎಂದಿದ್ದರು.

"ಮತ್ತ?" ಎಂದೆ.

"ಆಕಿ ತನ್ನದ ತಪ್ಪು ಅಂತ ತಿಳ್ಕೊಂಡು ಕೂತಾಳ," ಎಂದಳು ಶೈಲಜಾ.

ಐಲೀನರ ಅಡುಗೆಮನೆ

ನಾನು ಹೊರಡುವ ಹಿಂದಿನ ದಿನ ಐಲೀನ್ ನಮ್ಮಿಬ್ಬರನ್ನೂ ಚಹಾಕ್ಕೆ ಕರೆದರು. ಆಸ್ಪತ್ರೆಯಿಂದ ಬಂದು ಎರಡು ದಿನವಾಗಿತ್ತು. ಸ್ಟೀರಾಯ್ಡಿನಿಂದ ಮುಖ ಸ್ವಲ್ಪ ಊದಿಕೊಂಡಿತ್ತು. ಲಿಪ್‌ಸ್ಟಿಕ್ ತುಟಿಯ ಗೆರೆ ದಾಟಿತ್ತು. ಮೇಜಿನ ಮೇಲೆ ಹಾಲು, ಸಕ್ಕರೆ, ಬಿಸ್ಕತ್ತು. ನಡೆಯುವಾಗ ಬಲಗಡೆಯ ಕುರ್ಚಿಗೆ ತೊಡೆ ತಾಗಿಸಿಕೊಂಡರು.

ಶೈಲಜಾ ಕುಳಿತವಳೇ ಮಾತು ತೆಗೆದಳು. ತಿರುಗಿಸದೆ, ಮೃದು ಮಾಡದೆ ಹೇಳಿದಳು. ನೀವು ಹೊತ್ತು ಮೀರಿ ಫೋನ್ ಮಾಡಿರಲಿಲ್ಲ. ನಾವು ಉತ್ತರಿಸಲೇಬೇಕಾದ ಹೊತ್ತಿನಲ್ಲೇ ಮಾಡಿದ್ದಿರಿ. ನಮ್ಮ ಯಂತ್ರ ನಿಮ್ಮನ್ನು ಹೊರಗೆ ಹಾಕಿತು. ಅದು ಹಾಗೆ ಮಾಡುತ್ತದೆಂದು ನಮಗೆ ಗೊತ್ತಿತ್ತು. ಗುರುವಾರ ಯಾರಾದರೂ ನಿಮ್ಮ ಮಾತು ಕೇಳಿಸಿಕೊಂಡಿದ್ದರೆ ಅದೇ ರಾತ್ರಿ ಔಷಧಿ ಸಿಗುತ್ತಿತ್ತು. ನೀವು ದೂರು ಕೊಡಬಹುದು, ಕೊಡುವುದು ಹೇಗೆಂದು ನಾನೇ ಹೇಳಿಕೊಡುತ್ತೇನೆ.

ಐಲೀನ್ ಕಿಟಕಿಯ ಕಡೆ ತಿರುಗಿ, ಮತ್ತೆ ಶೈಲಜಾಳ ಕಡೆ ತಿರುಗಿದರು.

"ಹಾಗಾದರೆ ನಾನು ತಡ ಮಾಡಿರಲಿಲ್ಲ."

"ಇಲ್ಲ."

"ಇಷ್ಟು ದಿನ ನನ್ನನ್ನು ನಾನೇ ಬೈದುಕೊಂಡೆ. ಆಸ್ಪತ್ರೆಯಲ್ಲಿ ಪಕ್ಕದ ಮಂಚದವಳಿಗೂ ಹೇಳಿದೆ, ಪೆದ್ದಿ ನಾನು ಎಂದು." ಅವರ ಧ್ವನಿ ಮೊದಲ ಸಲ ಒಡೆಯಿತು. ಅದು ದುಃಖವಲ್ಲ, ಸಿಟ್ಟು. ಆ ಸಿಟ್ಟು ನೋಡಿ ನನಗೇಕೋ ಸಮಾಧಾನವಾಯಿತು.

"ನಾನು ಬೇರೆ ಸರ್ಜರಿಗೆ ಹೋಗುತ್ತೇನೆ, ಡಾಕ್ಟರ್."

"ಹೋಗಿ," ಎಂದಳು ಶೈಲಜಾ. "ಒಳ್ಳೆಯವರು ಯಾರೆಂದು ಬೇಕಿದ್ದರೆ ಹೇಳುತ್ತೇನೆ."

"ಬೇಡ. ನಾನೇ ಹುಡುಕಿಕೊಳ್ಳುತ್ತೇನೆ."

ಆಮೇಲೆ ಅವರು ಚಹಾದ ಕೆಟಲ್ ಎತ್ತಿದರು. ಎಡಗೈಯಿಂದ ಕಪ್ಪಿನ ಅಂಚು ಹುಡುಕಿ, ಬಗ್ಗಿಸಿದರು. ಒಂದೇ ಕಣ್ಣಿಗೆ ದೂರ ಹತ್ತಿರ ತಿಳಿಯುವುದಿಲ್ಲ. ಚಹಾ ಕಪ್ಪಿನ ಆಚೆ ಸಾಸರಿಗೆ ಬಿತ್ತು, ಸಾಸರು ತುಂಬಿ ಮೇಜಿನ ಬಟ್ಟೆಗೆ ಹರಿಯಿತು. ಶೈಲಜಾಳ ಕೈ ಮುಂದೆ ಹೋಯಿತು.

"ಬಿಡಿ," ಎಂದರು ಐಲೀನ್. "ಇದನ್ನು ನಾನೇ ಕಲಿಯಬೇಕು."

ಕೆಟಲ್ ಸರಿಸಿ ಮತ್ತೆ ಬಗ್ಗಿಸಿದರು. ಈ ಸಲ ಅರ್ಧ ಕಪ್ಪಿನೊಳಗೆ ಬಿತ್ತು. ಆ ಕಪ್ಪನ್ನು ಶೈಲಜಾಳ ಕಡೆ ನೂಕಿದರು. ತಳದಿಂದ ಚಹಾ ತೊಟ್ಟಿಕ್ಕುತ್ತಿತ್ತು. ಶೈಲಜಾ ಎರಡೂ ಕೈಯಿಂದ ಅದನ್ನು ಎತ್ತಿಕೊಂಡು, ಒರೆಸಿಕೊಳ್ಳದೆ, ಕೊನೆಯವರೆಗೆ ಕುಡಿದಳು.